ಕಿವಿಗೆ ಮೊದಲ ಮಣೆ, ಕಥೆಗೆ ಆಮೇಲೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಜರ್ಮನಿಯಲ್ಲಿ ಇಂಜಿನಿಯರನಾಗಿದ್ದಾನೆ. ಸಂಗೀತದ ಹುಚ್ಚು ನನ್ನಿಂದಲೇ ಅವನಿಗೆ ಹತ್ತಿತೆಂದು ಅವನೂ ಹೇಳುತ್ತಾನೆ, ನಾನೂ ನಂಬಿದ್ದೇನೆ. ಕಳೆದ ತಿಂಗಳು ಅವನು ಬರೆದ ದೀರ್ಘ ಪತ್ರದಲ್ಲಿ ಒಂದು ವಾಕ್ಯ ನನ್ನ ನಿದ್ದೆ ಕೆಡಿಸಿತು: "ಸಾರ್, ಶೋಸ್ತಕೋವಿಚ್‌ನ ಎಂಟನೆಯ ಕ್ವಾರ್ಟೆಟ್ಟನ್ನು ರಷ್ಯನ್ನರಲ್ಲದೆ ಬೇರೆ ಯಾರೂ ನುಡಿಸಲಾರರು. ಬೊರೊಡಿನ್ ತಂಡದ ಧ್ವನಿಮುದ್ರಣ ಒಂದಿದ್ದರೆ ಸಾಕು, ಉಳಿದವನ್ನು ಕೇಳುವುದು ಕಾಲಹರಣ." ಅವನ ಮೇಲಿನ ನನ್ನ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಈ ಮಾತನ್ನು ಮಾತ್ರ ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ನಿಮ್ಮೆಲ್ಲರ ಎದುರಿಗೇ ಹೇಳಿಬಿಡುತ್ತೇನೆ. ಏಕೆಂದರೆ ಒಂದು ಕಾಲದಲ್ಲಿ ಈ ಮಾತನ್ನು ಅವನಿಗೆ ಕಲಿಸಿದವನೇ ನಾನು.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ, ಈ ನಾಲ್ಕು ವಾದ್ಯಗಳ ಕೂಟವೇ ಸ್ಟ್ರಿಂಗ್ ಕ್ವಾರ್ಟೆಟ್. ಅವುಗಳಿಗಾಗಿ ಬರೆದ ಕೃತಿಗೂ ಅದೇ ಹೆಸರು. ನಮ್ಮ ಸಂಗೀತದಲ್ಲಿರುವಂತೆ ಕಲಾವಿದನ ಮನೋಧರ್ಮಕ್ಕೆ ಅಲ್ಲಿ ವಿಶಾಲವಾದ ಬಯಲಿಲ್ಲ. ಸ್ವರ, ಕಾಲ, ಏರಿಳಿತ ಎಲ್ಲವೂ ಕಾಗದದ ಮೇಲೆ ಬರೆದಿರುತ್ತದೆ. ಹಾಗಿದ್ದೂ ನಾಲ್ಕು ತಂಡಗಳು ನುಡಿಸಿದರೆ ನಾಲ್ಕು ಬಗೆಯಾಗಿ ಕೇಳುತ್ತದೆ. ಕಮಾನಿನ ಮೇಲೆ ಹಾಕುವ ಭಾರ, ಬೆರಳಿನ ಕಂಪನ, ಎರಡು ಸ್ವರಗಳ ನಡುವೆ ಬಿಡುವ ಮೌನ ಇಂಥ ಸಣ್ಣ ಸಂಗತಿಗಳಲ್ಲೇ ವ್ಯತ್ಯಾಸವೆಲ್ಲ ಅಡಗಿದೆ. ಧ್ವನಿಮುದ್ರಣಗಳನ್ನು ಹೋಲಿಸುವುದರಲ್ಲಿ ಅರ್ಥವಿರುವುದು ಈ ಕಾರಣದಿಂದಲೇ. "ಕನ್ನಡದ ಮೇಷ್ಟ್ರಿಗೆ ಇದೆಲ್ಲ ಏಕೆ?" ಎಂದು ಕೇಳುವ ಬಂಧುಗಳಿಗೆ ನನ್ನ ಉತ್ತರ ಇಷ್ಟೇ: ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರ ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು. ರುಚಿಗೆ ಗಡಿಯಿಲ್ಲವೆಂಬುದು ನಮ್ಮ ನಾಡಿಗೆ ಹೊಸ ಪಾಠವೇನಲ್ಲ.

ಈಗ ಎಂಟನೆಯ ಕ್ವಾರ್ಟೆಟ್ಟಿನ ಕಥೆಗೆ ಬರೋಣ. 1960ರ ಜುಲೈ ತಿಂಗಳಿನಲ್ಲಿ, ಪೂರ್ವ ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದ ಗೊರಿಶ್ ಎಂಬ ಊರಿನಲ್ಲಿ, ಕೇವಲ 3 ದಿನಗಳಲ್ಲಿ ಶೋಸ್ತಕೋವಿಚ್ ಇದನ್ನು ಬರೆದು ಮುಗಿಸಿದ. ಯುದ್ಧದಲ್ಲಿ ಬಾಂಬಿಗೆ ತುತ್ತಾದ ಡ್ರೆಸ್ಡೆನ್ನಿನ ಕುರಿತ ಚಲನಚಿತ್ರವೊಂದಕ್ಕೆ ಸಂಗೀತ ಬರೆಯಲು ಅವನು ಅಲ್ಲಿಗೆ ಹೋಗಿದ್ದ. ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರ ನೆನಪಿಗೆ ಎಂದು ಕೃತಿಯ ಅರ್ಪಣೆ. ಆದರೆ ಕೃತಿಯ ಬೆನ್ನೆಲುಬಾಗಿರುವ ನಾಲ್ಕು ಸ್ವರಗಳು ಜರ್ಮನ್ ಪದ್ಧತಿಯಲ್ಲಿ ಅವನದೇ ಹೆಸರಿನ ಅಕ್ಷರಗಳು. ತನ್ನ ಹಿಂದಿನ ಕೃತಿಗಳ ತುಣುಕುಗಳನ್ನು ಅವನು ಇಲ್ಲಿ ಒಂದೊಂದಾಗಿ ನೆನೆಯುತ್ತಾನೆ. ಕಮ್ಯುನಿಸ್ಟ್ ಪಕ್ಷವನ್ನು ಸೇರಬೇಕೆಂಬ ಒತ್ತಡಕ್ಕೆ ಅವನು ಮಣಿದದ್ದೂ ಅದೇ ವರ್ಷ. ತಾನು ಸತ್ತರೆ ತನ್ನ ನೆನಪಿಗೆ ಯಾರೂ ಕೃತಿ ರಚಿಸಲಾರರೆಂದು ತಾನೇ ಬರೆದುಕೊಂಡೆನೆಂಬ ಅರ್ಥದಲ್ಲಿ ಗೆಳೆಯ ಗ್ಲಿಕ್‌ಮನ್‌ಗೆ ಅವನು ಬರೆದ ಪತ್ರ 1993ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಬೊರೊಡಿನ್ ತಂಡ ಡೆಕ್ಕಾ ಸಂಸ್ಥೆಗಾಗಿ ಈ ಕೃತಿಯನ್ನು ಮುದ್ರಿಸಿದ್ದು 1962ರಲ್ಲಿ. ಆಗ ಅದನ್ನು ಕೇಳುವವರ ಮುಂದೆ ಇದ್ದದ್ದು ಯುದ್ಧದಲ್ಲಿ ಮಡಿದವರಿಗೆ ಅರ್ಪಣೆ ಎಂಬ ಒಂದೇ ಸಾಲು. 1979ರಲ್ಲಿ ಶೋಸ್ತಕೋವಿಚ್‌ನ ನೆನಪುಗಳೆಂದು ಹೇಳಿಕೊಂಡ, ಇಂದಿಗೂ ಪ್ರಾಮಾಣ್ಯದ ವಿವಾದ ತೀರದ ಪುಸ್ತಕವೊಂದು ಹೊರಬಂತು; ಆಮೇಲೆ ಪತ್ರಗಳೂ ಬಂದವು. ಅಂದಿನಿಂದ ಅದೇ ಮುದ್ರಣ ಬಹು ಜನರ ಕಿವಿಗೆ ಸರ್ವಾಧಿಕಾರಕ್ಕೆ ಸಿಕ್ಕಿ ನಲುಗಿದ ಒಬ್ಬ ಮನುಷ್ಯನ ಆತ್ಮಕಥೆಯಾಗಿ ಕೇಳತೊಡಗಿತು. ನಾಲ್ಕನೆಯ ಭಾಗದಲ್ಲಿ ಬರುವ ಆ ಮೂರು ಪೆಟ್ಟುಗಳು ಒಬ್ಬರಿಗೆ ಬಾಂಬಿನ ಸದ್ದು, ಇನ್ನೊಬ್ಬರಿಗೆ ನಡುರಾತ್ರಿ ಗುಪ್ತ ಪೊಲೀಸರು ಬಾಗಿಲು ಬಡಿಯುವ ಸದ್ದು. ತಟ್ಟೆಯ ಮೇಲಿನ ಗೀರು ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ನಾವು ಕೇಳಿಕೊಂಡು ಬಂದಿದ್ದ ಕಥೆ. ಹಾಗಾದರೆ ನಾವು ಹೊಗಳುತ್ತಿದ್ದದ್ದು ನಾಲ್ವರ ವಾದನವನ್ನೋ, ಹೊದಿಕೆಯ ಹಿಂದೆ ಅಚ್ಚಾದ ಟಿಪ್ಪಣಿಯನ್ನೋ?

ಈ ಪ್ರಶ್ನೆ ನನಗೆ ಹೊಳೆದದ್ದು ಜಾಣತನದಿಂದಲ್ಲ, ಅವಮಾನದಿಂದ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಸೋದರಳಿಯನ ಮನೆಯಲ್ಲಿದ್ದಾಗ ಅವನು ಒಂದು ಆಟ ಹೂಡಿದ. ಹೆಸರು ಹೇಳದೆ ಇದೇ ಕ್ವಾರ್ಟೆಟ್ಟಿನ ಮೊದಲ ಭಾಗವನ್ನು ನಾಲ್ಕು ಮುದ್ರಣಗಳಲ್ಲಿ ಕೇಳಿಸಿದ. ನಾನು ಕಾಲ ಮೇಲೆ ಕಾಲು ಹಾಕಿ ಕುಳಿತು ತೀರ್ಪು ಕೊಟ್ಟೆ. ಒಂದನ್ನು ಕೇಳಿ, "ನೋಡು, ಇದು ನೋವುಂಡವರ ಕೈ, ಇವರು ರಷ್ಯನ್ನರು" ಎಂದೆ. ಇನ್ನೊಂದನ್ನು ಕೇಳಿ, "ತಣ್ಣಗಿದೆ, ಶಿಸ್ತಿದೆ, ಜೀವವಿಲ್ಲ, ಇಂಗ್ಲಿಷರಿರಬೇಕು" ಎಂದೆ. ನಾನು ರಷ್ಯನ್ನರೆಂದವರು ಇಂಗ್ಲೆಂಡಿನ ಫಿಟ್ಜ್‌ವಿಲಿಯಂ ತಂಡದವರು. ಜೀವವಿಲ್ಲವೆಂದು ನಾನು ತಳ್ಳಿಹಾಕಿದ್ದು ಬೊರೊಡಿನ್ ತಂಡದ 1962ರ ಮುದ್ರಣ! ಹುಡುಗ ನಗಲಿಲ್ಲ, "ಕಾಫಿ ತರಲಾ ಮಾವ?" ಎಂದಷ್ಟೇ ಕೇಳಿದ. ಅವನು ನಕ್ಕಿದ್ದರೇ ಚೆನ್ನಾಗಿತ್ತು. ಮೂವತ್ತೆರಡು ವರ್ಷ "ಗೈಡು ನೋಡಿ ಉತ್ತರ ಬರೆಯಬೇಡಿ, ಪಾಠ ಓದಿ ಬರೆಯಿರಿ" ಎಂದು ನಿಮ್ಮನ್ನೆಲ್ಲ ಗದರಿದ ನಾನು ಸಂಗೀತದ ಪರೀಕ್ಷೆಯಲ್ಲಿ ಗೈಡು ನೋಡಿಯೇ ಬರೆಯುತ್ತಿದ್ದೆ.

ನನ್ನ ವಿದ್ಯಾರ್ಥಿಯ ಪಕ್ಷದಲ್ಲಿ ಬಲವಾದ ವಾದಗಳೂ ಇವೆ. ಅವನ್ನು ಮರೆಮಾಚುವುದು ನ್ಯಾಯವಲ್ಲ. ಬೊರೊಡಿನ್ ತಂಡದವರು ಅದೇ ನೆಲದಲ್ಲಿ, ಅದೇ ಭಯದಲ್ಲಿ ಬದುಕಿದವರು. ಅವರು ಈ ಕೃತಿಯನ್ನು ರಚನಕಾರನ ಎದುರಿಗೆ ನುಡಿಸಿದಾಗ ಅವನು ಮಾತನಾಡಲಾರದೆ ಕಣ್ಣೀರಿಟ್ಟನೆಂಬ ಕಥೆಯೂ ಪ್ರಸಿದ್ಧವಾಗಿದೆ. ಇರಲಿ. ಆದರೆ ಅದೇ ಶೋಸ್ತಕೋವಿಚ್ 1972ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಹೋಗಿ, ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳಾಗಿದ್ದಾಗ ತಂಡ ಕಟ್ಟಿಕೊಂಡಿದ್ದ ಫಿಟ್ಜ್‌ವಿಲಿಯಂ ತರುಣರು ತನ್ನ ಹದಿಮೂರನೆಯ ಕ್ವಾರ್ಟೆಟ್ ನುಡಿಸುವುದನ್ನು ಕುಳಿತು ಕೇಳಿದ. ತನ್ನ ಕೊನೆಯ ಕ್ವಾರ್ಟೆಟ್‌ಗಳನ್ನು ಪಶ್ಚಿಮದ ಶ್ರೋತೃಗಳಿಗೆ ಮೊದಲು ಕೇಳಿಸುವ ಕೆಲಸವನ್ನು ಅವರಿಗೇ ವಹಿಸಿದ. ಅವನ 15 ಕ್ವಾರ್ಟೆಟ್‌ಗಳನ್ನೂ ಅವರು ಮುಂದೆ ಮುದ್ರಿಸಿದರು. ಅವರ ಜನ್ಮಸ್ಥಳವನ್ನು ರಚನಕಾರನೇ ಆಕ್ಷೇಪಿಸಲಿಲ್ಲ. ಆಕ್ಷೇಪಿಸಲು ನಾವು ಯಾರು?

ಮುದ್ರಣದ ಸುತ್ತ ಕಟ್ಟುವ ಚೌಕಟ್ಟು ಕಿವಿಯನ್ನು ಹೇಗೆ ಎಳೆಯುತ್ತದೆಂಬುದಕ್ಕೆ ಇನ್ನೊಂದು ನಿದರ್ಶನ. ಅಮೆರಿಕದ ಕ್ರೋನೋಸ್ ತಂಡ 1990ರಲ್ಲಿ 'ಬ್ಲ್ಯಾಕ್ ಏಂಜಲ್ಸ್' ಎಂಬ ತಟ್ಟೆಯಲ್ಲಿ, ವಿಯೆಟ್ನಾಂ ಯುದ್ಧಕಾಲದ ಸಂಕಟದಿಂದ ಹುಟ್ಟಿದ ಜಾರ್ಜ್ ಕ್ರಂಬ್‌ನ ಕೃತಿಯ ಜತೆಗೆ ಈ ಎಂಟನೆಯ ಕ್ವಾರ್ಟೆಟ್ಟನ್ನೂ ಸೇರಿಸಿತು. ಅಲ್ಲಿ ಕೇಳಿದವರಿಗೆ ಇದು ಮತ್ತೆ ಯುದ್ಧವಿರೋಧಿ ಕೃತಿಯಾಯಿತು. ಎಮರ್ಸನ್ ತಂಡ 1990ರ ದಶಕದಲ್ಲಿ ಆಸ್ಪೆನ್ ಉತ್ಸವದಲ್ಲಿ ಸಭಿಕರೆದುರು ನುಡಿಸಿ ಮುದ್ರಿಸಿದ್ದನ್ನು "ಬರೀ ಚಾಕಚಕ್ಯ" ಎಂದು ಅಮೆರಿಕನ್ನರ ಹೆಸರು ಕಂಡೊಡನೆ ತೀರ್ಮಾನಿಸುವವರನ್ನೂ ನಾನು ಬಲ್ಲೆ. ಎರಡನೆಯ ಭಾಗದ ರಭಸದಲ್ಲಿ ನಾಲ್ಕು ಕಮಾನುಗಳು ಒಂದೇ ಉಸಿರಿನಲ್ಲಿ ಸಾಗುವ ಆ ನಿಖರತೆಯೇ ಒಂದು ಬಗೆಯ ಭಯವನ್ನು ಹುಟ್ಟಿಸುತ್ತದೆಂಬುದು ಅವರಿಗೆ ಕೇಳಿಸಿಯೇ ಇಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಮೊದಲ ಭಾಗದ ಆರಂಭದಲ್ಲಿ ಆ ನಾಲ್ಕು ಸ್ವರಗಳನ್ನು ಚೆಲ್ಲೊ ಎತ್ತಿಕೊಳ್ಳುತ್ತದೆ. ಆಮೇಲೆ ವಯೋಲಾ, ಎರಡನೆಯ ಪಿಟೀಲು, ಕೊನೆಗೆ ಮೊದಲ ಪಿಟೀಲು. ಪ್ರತಿಯೊಬ್ಬರೂ ಹಿಂದಿನವರ ಭಾರವನ್ನು ಹಾಗೆಯೇ ಹೊತ್ತುಕೊಳ್ಳುತ್ತಾರೆಯೇ, ತಮ್ಮದನ್ನು ಸೇರಿಸುತ್ತಾರೆಯೇ? ಬೆರಳಿನ ಕಂಪನ ಎಲ್ಲಿಂದ ಶುರುವಾಗುತ್ತದೆ? ನಾಲ್ಕನೆಯ ಭಾಗದ ಮೂರು ಪೆಟ್ಟುಗಳು ಸಮನಾಗಿವೆಯೇ, ಒಂದಕ್ಕಿಂತ ಒಂದು ಬಿರುಸೇ? ಅದೇ ಭಾಗದಲ್ಲಿ ಚೆಲ್ಲೊ ತನ್ನ ಎತ್ತರದ ಸ್ಥಾಯಿಯಲ್ಲಿ ಹಾಡುವಾಗ ಉಳಿದ ಮೂವರು ಎಷ್ಟು ಹಿಂದೆ ಸರಿಯುತ್ತಾರೆ? ಇಷ್ಟನ್ನು ಕೇಳಿ, ಬರೆದಿಟ್ಟುಕೊಂಡು, ಆಮೇಲೆ ಹೊದಿಕೆಯ ಹಿಂಬದಿಯನ್ನು ಓದಿ. ಇತಿಹಾಸ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಸರದಿ ಎರಡನೆಯದು. ರಷ್ಯನ್ನರ ವಾದನದಲ್ಲಿ ಬೇರೆಡೆ ಇಲ್ಲದ ಗುಣವೊಂದು ನಿಜವಾಗಿ ಇದ್ದರೆ ಅದು ಕೇಳಿಸಬೇಕು. ಕೇಳಿಸಿದರೆ ಇಂಥ ಕಡೆ ಎಂದು ಬೆರಳಿಟ್ಟು ತೋರಿಸಲು ಬರಬೇಕು. ತೋರಿಸಲು ಬಾರದಿದ್ದರೆ ಅದು ವಿಮರ್ಶೆಯಲ್ಲ, ವದಂತಿ.

ಇಷ್ಟೊಂದು ಕಾವೇಕೆ ಮೇಷ್ಟ್ರೇ ಎಂದು ನೀವು ಕೇಳಬಹುದು. ಕಾರಣ ಸಂಗೀತಕ್ಕಿಂತ ಹಳೆಯದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂಬತ್ತನೆಯ ತರಗತಿಯಲ್ಲಿ ಕೂಲಿಯವರ ಮನೆಯ ಹುಡುಗನೊಬ್ಬನಿದ್ದ. ಶಾಲೆಯ ವಾಚನಸ್ಪರ್ಧೆಗೆ ಪಂಪನ ಪದ್ಯವೊಂದನ್ನು ಕಲಿತು ಬಂದಿದ್ದ. ತೀರ್ಪುಗಾರರಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅವನ ಹೆಸರು ಕೂಗುವ ಮೊದಲೇ ನನ್ನ ಕಿವಿಯಲ್ಲಿ, "ಹಳಗನ್ನಡ ಅವರ ನಾಲಿಗೆಗೆ ಒಗ್ಗುವುದಲ್ಲ ಬಿಡಿ" ಎಂದರು. ಹುಡುಗ ಒಂದು ಒತ್ತಕ್ಷರವೂ ತಪ್ಪದಂತೆ ಓದಿದ. ಅವನಿಗೆ ಬಂದ ಅಂಕ ಮಾತ್ರ ಅವನು ಬಾಯಿ ತೆರೆಯುವ ಮೊದಲೇ ನಿಶ್ಚಯವಾಗಿತ್ತು. ನಾನು ಕಿರಿಯ, ಹೊಸಬ. ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹುಟ್ಟನ್ನು ನೋಡಿ ಅಂಕ ಕೊಡುವ ಕಿವಿ ಒಬ್ಬನನ್ನು ಹೊಗಳಿದರೂ ತೆಗಳಿದರೂ ಕಿವುಡೇ. "ಇದು ಇವರಿಗೇ ಸಾಧ್ಯ" ಎಂಬ ಮೆಚ್ಚುಗೆ, "ಇದು ಅವರಿಗೆ ಒಗ್ಗುವುದಲ್ಲ" ಎಂಬ ತಿರಸ್ಕಾರ, ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ಬೊರೊಡಿನ್ ತಂಡದವರನ್ನು ರಷ್ಯನ್ನರೆಂಬ ಕಾರಣಕ್ಕೆ ಹೊಗಳಿದರೆ ಅವರು ವರ್ಷಗಟ್ಟಲೆ ಮಾಡಿದ ಅಭ್ಯಾಸವನ್ನೇ ನಾವು ಅವಮಾನಿಸಿದಂತೆ.

ಆದ್ದರಿಂದ ಜರ್ಮನಿಯಲ್ಲಿರುವ ನನ್ನ ಪ್ರೀತಿಯ ಹುಡುಗನಿಗೆ ಒಂದು ಮನೆಪಾಠ. ಈ ಭಾನುವಾರ ನಿನ್ನ ಮಗಳ ಕೈಯಲ್ಲಿ ನಾಲ್ಕು ಮುದ್ರಣಗಳನ್ನು ಕೊಟ್ಟು, ನೀನು ಕಣ್ಣು ಮುಚ್ಚಿ ಕುಳಿತುಕೋ. ಆಗಲೂ ನಿನ್ನ ಕಿವಿ ಬೊರೊಡಿನ್ ತಂಡವನ್ನೇ ಆರಿಸಿದರೆ ಸಂತೋಷ. ಆಗ ಆ ಆಯ್ಕೆ ನಿನ್ನದಾಗಿರುತ್ತದೆ. ಯಾವ ಕಡೆ, ಏಕೆ ಎಂದು ನನಗೆ ಬರೆದು ಕಳಿಸು. ಈ ಸಲ ಹೆಸರು ನೋಡದೆ ಅಂಕ ಕೊಡುತ್ತೇನೆ.

ಇಂತು ನಿಮ್ಮ ಮೇಷ್ಟ್ರು