ಗಲ್ಫ್ ಜೈಲುಗಳ ಕೈದಿಗಳ ಪಟ್ಟಿ ನಮಗೇಕೆ ಸಿಗುವುದಿಲ್ಲ?

ದೆಹಲಿ ಹೈಕೋರ್ಟ್‌ನಲ್ಲಿ 2025ರ ಮಾರ್ಚ್ 3ರಂದು ವಿಚಾರಣೆಗೆ ಬಂದ ಅರ್ಜಿಯಲ್ಲಿ ತಂದೆಯೊಬ್ಬರು ಕೇಳಿದ್ದು ಇಷ್ಟೇ: ಅಬುಧಾಬಿಯ ಜೈಲಿನಲ್ಲಿರುವ ಮಗಳು ಹೇಗಿದ್ದಾಳೆ, ಅವಳ ಪ್ರಕರಣ ಎಲ್ಲಿಗೆ ಬಂತು, ತಿಳಿಸಿ. ಉತ್ತರ ಪ್ರದೇಶದ ಆ ಯುವತಿ ಅಲ್ಲಿನ ಮನೆಯೊಂದರಲ್ಲಿ ಹಸುಗೂಸು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಕೂಸು ತೀರಿಕೊಂಡಿತು, ಕೊಲೆ ಆರೋಪದಲ್ಲಿ ಅವಳಿಗೆ ಮರಣದಂಡನೆಯಾಯಿತು. ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು: ಶಿಕ್ಷೆ ಫೆಬ್ರುವರಿ 15ರಂದೇ ಜಾರಿಯಾಗಿದೆ. ನಮ್ಮ ರಾಯಭಾರ ಕಚೇರಿಗೆ ಆ ಸುದ್ದಿ ಮುಟ್ಟಿದ್ದೇ ಫೆಬ್ರುವರಿ 28ಕ್ಕೆ.

35 ಲಕ್ಷಕ್ಕೂ ಹೆಚ್ಚು ಭಾರತೀಯರು ನೆಲೆಸಿರುವ, ನಾವು ಆಪ್ತಮಿತ್ರ ಎಂದು ಕರೆಯುವ ದೇಶ ಯುಎಇ. ಆದರೂ ಈ ಹದಿಮೂರು ದಿನಗಳ ಮೌನದಿಂದ ಎರಡು ದೇಶಗಳ ನಡುವೆ ಒಂದು ಬಿರುಮಾತೂ ಹುಟ್ಟಲಿಲ್ಲ. ನನ್ನನ್ನು ಕಾಡುವುದು ಇದೇ. ಪರದೇಶದ ಜೈಲಿನಲ್ಲಿರುವ ಪ್ರಜೆಗಾಗಿ ದೇಶಗಳು ಜಗಳಕ್ಕಿಳಿಯುತ್ತವೆ, ನಿಜ. ಆದರೆ ಯಾವ ಪ್ರಜೆಗಾಗಿ?

ಇಟಲಿಯನ್ನೇ ನೋಡಿ. 2012ರ ಫೆಬ್ರುವರಿಯಲ್ಲಿ ಕೇರಳದ ಕಡಲಿನಲ್ಲಿ ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದ ಆರೋಪ ಅದರ ಇಬ್ಬರು ನೌಕಾ ಯೋಧರ ಮೇಲಿತ್ತು. ಮತದಾನಕ್ಕೆಂದು ಊರಿಗೆ ಹೋದವರನ್ನು ವಾಪಸ್ ಕಳಿಸುವುದಿಲ್ಲ ಎಂದು 2013ರ ಮಾರ್ಚ್‌ನಲ್ಲಿ ರೋಮ್ ಪಟ್ಟು ಹಿಡಿಯಿತು. ಇಟಲಿಯ ರಾಯಭಾರಿ ಭಾರತ ಬಿಟ್ಟು ಹೋಗಕೂಡದು ಎಂದು ನಮ್ಮ ಸುಪ್ರೀಂ ಕೋರ್ಟ್ ಆದೇಶಿಸಿತು. ಕೊನೆಗೆ ಅವರನ್ನು ಕಳಿಸಿಕೊಟ್ಟಾಗ, ಅದನ್ನು ಒಪ್ಪದೆ ವಿದೇಶಾಂಗ ಸಚಿವ ಜೂಲಿಯೊ ಟೆರ್ಜಿ ರಾಜೀನಾಮೆಯನ್ನೇ ಕೊಟ್ಟರು. ಪ್ರಕರಣ ಮುಗಿದದ್ದು 2021ರಲ್ಲಿ, ಹತ್ತು ಕೋಟಿ ರೂಪಾಯಿ ಪರಿಹಾರದೊಂದಿಗೆ. ಸತ್ತವರು ನಮ್ಮವರು, ಹಾಗಾಗಿ ಇಟಲಿಯ ಹಟ ನಮಗೆ ಕಹಿಯಾಗಿತ್ತು. ಆದರೆ ತನ್ನವರಿಗಾಗಿ ಒಂದು ಸರ್ಕಾರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅದು ತೋರಿಸಿತು.

ಕೈದಿಯನ್ನೇ ಚೌಕಾಸಿಯ ಸರಕು ಮಾಡುವವರೂ ಇದ್ದಾರೆ. ಹುವಾವೆ ಕಂಪನಿಯ ಮೆಂಗ್ ವಾಂಝೌ ಅವರನ್ನು 2018ರ ಡಿಸೆಂಬರ್ 1ರಂದು ಕೆನಡಾ ಬಂಧಿಸಿತು. ಹತ್ತೇ ದಿನದೊಳಗೆ ಚೀನಾದಲ್ಲಿ ಮೈಕೆಲ್ ಕೋವ್ರಿಗ್, ಮೈಕೆಲ್ ಸ್ಪೇವರ್ ಎಂಬ ಇಬ್ಬರು ಕೆನಡಿಯನ್ನರು ಜೈಲು ಸೇರಿದರು. ಎರಡಕ್ಕೂ ಸಂಬಂಧವೇ ಇಲ್ಲ ಎನ್ನುತ್ತಿದ್ದ ಬೀಜಿಂಗ್, 2021ರ ಸೆಪ್ಟೆಂಬರ್‌ನಲ್ಲಿ ಮೆಂಗ್ ವಿಮಾನ ಹತ್ತಿದ ದಿನವೇ ಇಬ್ಬರನ್ನೂ ಬಿಟ್ಟಿತು. ಇರಾನ್ ಆರು ವರ್ಷ ಹಿಡಿದಿಟ್ಟುಕೊಂಡಿದ್ದ ನಾಜನೀನ್ ಝಘಾರಿ ರ್‍ಯಾಟ್‌ಕ್ಲಿಫ್ 2022ರ ಮಾರ್ಚ್‌ನಲ್ಲಿ ಲಂಡನ್‌ಗೆ ಮರಳಿದ್ದು, ದಶಕಗಳ ಹಿಂದಿನ ಯುದ್ಧಟ್ಯಾಂಕ್ ವ್ಯವಹಾರದ ಸುಮಾರು 40 ಕೋಟಿ ಪೌಂಡ್ ಬಾಕಿಯನ್ನು ಬ್ರಿಟನ್ ತೀರಿಸಿದಾಗ.

ಇಂಥ ಆಟಕ್ಕೆ ಸಿಲುಕಿದವರಿಗೆ ಕಾನೂನಿನ ಆಸರೆ ಎಂದರೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಬಂಧಿತ ವಿದೇಶಿಗೆ ಅವನ ಹಕ್ಕನ್ನು ವಿಳಂಬವಿಲ್ಲದೆ ತಿಳಿಸಬೇಕು. ಅವನು ಬಯಸಿದರೆ ಅವನ ದೇಶದ ಕಚೇರಿಗೆ ಸುದ್ದಿ ಮುಟ್ಟಿಸಬೇಕು. ಅಧಿಕಾರಿಗಳು ಅವನನ್ನು ಕಾಣಬಹುದು, ವಕೀಲರನ್ನು ನೇಮಿಸಬಹುದು. ಬೇಹುಗಾರಿಕೆಯ ಆರೋಪ ಹೊರಿಸಿ ಪಾಕಿಸ್ತಾನ ಗಲ್ಲು ಶಿಕ್ಷೆ ವಿಧಿಸಿದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಹಿಡಿದದ್ದು ಈ ವಿಧಿಯನ್ನೇ. ಬಂಧಿಸಿ ಮೂರು ವಾರ ಕಳೆದ ಮೇಲೆ ಪಾಕಿಸ್ತಾನ ನಮಗೆ ತಿಳಿಸಿತ್ತು. ಬೇಹುಗಾರಿಕೆಯ ಆರೋಪಿಗೂ ಈ ಹಕ್ಕು ಉಂಟು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು 15–1 ಬಹುಮತದಲ್ಲಿ ಹೇಳಿತು. ಗಲ್ಲು ತಡೆಯಿತು, ಬಿಡುಗಡೆ ಆಗಲಿಲ್ಲ. ಅದಕ್ಕೂ ಮುಂಚೆ, 2017ರ ಡಿಸೆಂಬರ್ 25ರಂದು, ತಾಯಿ ಮತ್ತು ಹೆಂಡತಿ ಇಸ್ಲಾಮಾಬಾದ್‌ಗೆ ಹೋಗಿ ಅವರನ್ನು ಗಾಜಿನ ಆಚೆಯಿಂದ ಕಂಡಿದ್ದರು. ಒಳಗೆ ಬಿಡುವ ಮೊದಲು ತಾಳಿ, ಬಳೆ, ಕುಂಕುಮ ತೆಗೆಸಲಾಯಿತು. ಮಗನೊಂದಿಗೆ ಮರಾಠಿಯಲ್ಲಿ ಮಾತಾಡಲು ತಾಯಿಗೆ ಬಿಡಲಿಲ್ಲ.

ಕೋರ್ಟು ಕೊಡಿಸಲಾಗದ್ದನ್ನು ಮಾತುಕತೆ ಕೊಡಿಸಿದ್ದೂ ಇದೆ. 2023ರ ಅಕ್ಟೋಬರ್‌ನಲ್ಲಿ ಕತಾರ್‌ನ ನ್ಯಾಯಾಲಯ ನಮ್ಮ ನೌಕಾಪಡೆಯ ಎಂಟು ಮಾಜಿ ಸಿಬ್ಬಂದಿಗೆ ಮರಣದಂಡನೆ ವಿಧಿಸಿದಾಗ ಇಡೀ ದೇಶ ಬೆಚ್ಚಿತು. ದೆಹಲಿ ಕೂಗಾಡಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಡಿಸೆಂಬರ್‌ನಲ್ಲಿ ಪ್ರಧಾನಿ ದುಬೈಯಲ್ಲಿ ಕತಾರ್‌ನ ಅಮೀರರನ್ನು ಕಂಡರು. ತಿಂಗಳ ಕೊನೆಗೆ ಶಿಕ್ಷೆ ಇಳಿಯಿತು. 2024ರ ಫೆಬ್ರುವರಿ 12ರ ಹೊತ್ತಿಗೆ ಬಿಡುಗಡೆಯೂ ಆಯಿತು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚಬೇಕು. ಆದರೆ ಈ ಸದ್ದಿಲ್ಲದ ರಾಜತಾಂತ್ರಿಕತೆ ಕೆಲಸ ಮಾಡುವುದು ದೇಶದ ಕಣ್ಣಿಗೆ ಬಿದ್ದವರ ಪಾಲಿಗೆ ಮಾತ್ರ. ವಿದೇಶಿ ಜೈಲುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ ಎಂದು ಸರ್ಕಾರವೇ 2025ರಲ್ಲಿ ಸಂಸತ್ತಿಗೆ ತಿಳಿಸಿದೆ. ಸೌದಿ ಅರೇಬಿಯಾ ಮತ್ತು ಯುಎಇ ಎರಡರಲ್ಲೇ ಅದರ ಅರ್ಧದಷ್ಟು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. ನಕಲಿ ಫೇಸ್‌ಬುಕ್ ಖಾತೆಯಲ್ಲಿ ಯಾರೋ ಹಾಕಿದ ಪೋಸ್ಟಿಗಾಗಿ ಸೌದಿಯಲ್ಲಿ ಜೈಲು ಸೇರಿದವರೊಬ್ಬರ ಕುಟುಂಬ ಕರ್ನಾಟಕ ಹೈಕೋರ್ಟ್‌ಗೆ ಅಲೆಯಬೇಕಾಯಿತು. 2023ರಲ್ಲಿ ನ್ಯಾಯಾಲಯ, ತನಿಖೆಗೆ ಸಹಕರಿಸದಿದ್ದರೆ ದೇಶದಲ್ಲಿ ಫೇಸ್‌ಬುಕ್ಕನ್ನೇ ಮುಚ್ಚಿಸುವ ಆದೇಶ ಪರಿಶೀಲಿಸಬೇಕಾದೀತು ಎಂದು ಗದರಿತು. ಅಷ್ಟರಲ್ಲಿ ಬಂಧನವಾಗಿ ವರ್ಷಗಳೇ ಉರುಳಿದ್ದವು.

ಇಂಥವರ ಹೆಸರು ತಿಳಿಯಲು ದಾರಿಯೇ ಇಲ್ಲವೆಂದಲ್ಲ. 2008ರ ಒಪ್ಪಂದದ ಪ್ರಕಾರ ಭಾರತ ಮತ್ತು ಪಾಕಿಸ್ತಾನ ಪ್ರತಿ ಜನವರಿ 1 ಮತ್ತು ಜುಲೈ 1ರಂದು ತಮ್ಮ ತಮ್ಮ ಜೈಲಿನಲ್ಲಿರುವ ಇನ್ನೊಂದು ದೇಶದವರ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಆಪರೇಷನ್ ಸಿಂಧೂರ್ ನಡೆದು ಎರಡು ತಿಂಗಳೂ ಆಗಿರದ 2025ರ ಜುಲೈ 1ರಂದೂ ಅದು ತಪ್ಪಲಿಲ್ಲ. ಬೇರೆ ಹಲವು ದೇಶಗಳ ವಿಷಯದಲ್ಲಿ ವಿದೇಶಾಂಗ ಸಚಿವಾಲಯ ಹೇಳುವುದು, ಅಲ್ಲಿನ ಖಾಸಗಿತನದ ಕಾನೂನಿನಿಂದಾಗಿ ಕೈದಿ ಒಪ್ಪದೆ ಮಾಹಿತಿ ಸಿಗುವುದಿಲ್ಲ ಎಂದು. ಅರಬಿ ಬಾರದ, ಪಾಸ್‌ಪೋರ್ಟ್ ಮಾಲೀಕನ ಕೈಗೆ ಕೊಟ್ಟ ಕೂಲಿಯಾಳಿಗೆ ಒಪ್ಪಿಗೆ ಕೊಡಬೇಕು ಎಂಬುದನ್ನಾದರೂ ಹೇಳುವವರಾರು? ಶಿಕ್ಷೆಯ ಉಳಿದ ಅವಧಿಯನ್ನು ತಾಯ್ನೆಲದಲ್ಲಿ ಕಳೆಯಲು ಗಲ್ಫ್ ದೇಶಗಳೊಂದಿಗೆ ಒಪ್ಪಂದಗಳಿವೆ. ಹಾಗೆ ಮರಳಿದವರು ಬೆರಳೆಣಿಕೆಯಷ್ಟು. ವೈರಿಯೊಂದಿಗೆ ಸಾಧ್ಯವಾದ ಪಟ್ಟಿಯನ್ನು ಗೆಳೆಯರಿಂದಲೂ ಕೇಳಿ ಪಡೆಯಬೇಕು. ಮರಣದಂಡನೆಯ ದಿನವನ್ನು ಮುಂಚಿತವಾಗಿ ತಿಳಿಸುವ ಷರತ್ತು ಬರಹದಲ್ಲಿ ಬರಬೇಕು. ಅದಕ್ಕಾಗಿ ಸಂಬಂಧ ಒಂದಿಷ್ಟು ಬಿಗಿಯಾದರೆ ಆಗಲಿ. ತೈಲ, ಅನಿಲದ ಒಪ್ಪಂದಗಳನ್ನು ನಾವು ತಿಂಗಳುಗಟ್ಟಲೆ ಜಗ್ಗಾಡಿಯೇ ಮಾಡಿಕೊಳ್ಳುತ್ತೇವೆ.

ಹಾಗೆ ಕೇಳುವಾಗ ನಮ್ಮ ಕೈಯೂ ಸ್ವಚ್ಛವಿರಬೇಕು. ಬೆಂಗಳೂರಿನ ಪೊಲೀಸ್ ಠಾಣೆಯಲ್ಲಿ ಆಫ್ರಿಕಾದ ವಿದ್ಯಾರ್ಥಿಯೊಬ್ಬ ಸಿಕ್ಕಿಬಿದ್ದಾಗ, 36ನೇ ವಿಧಿಯ ಹಕ್ಕು ನಿನಗಿದೆ ಎಂದು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಅಂದೇ ಹೇಳಬೇಕು. ಪರಪ್ಪನ ಅಗ್ರಹಾರದಲ್ಲಿ, ನೆಲಮಂಗಲದ ಬಳಿಯ ಸೊಂಡೆಕೊಪ್ಪದ ವಿದೇಶಿಯರ ಬಂಧನ ಕೇಂದ್ರದಲ್ಲಿ ಇರುವವರ ಪೈಕಿ ಎಷ್ಟು ಜನರ ರಾಯಭಾರ ಕಚೇರಿಗೆ ಯಾವ ದಿನ ಸುದ್ದಿ ಹೋಯಿತು ಎಂಬ ಲೆಕ್ಕವನ್ನು ರಾಜ್ಯದ ಗೃಹ ಇಲಾಖೆ ವಿಧಾನಮಂಡಲದ ಮುಂದಿಡಲಿ.