ಹೋಂಸ್ಟೇ ಕೋಣೆಗೆ ಮುಂಚೆ ಬಟ್ಟೆ ಒಣಗಿಸೋ ಜಾಗ ನೋಡಿ

ಭತ್ತದ ಚೀಲ ಇಡ್ತಿದ್ದ ಕೋಣೆ ಖಾಲಿ ಬಿದ್ದಿದೆ, ಹೋಂಸ್ಟೇ ಮಾಡಿದ್ರೆ ಹೇಗೆ? ನಮ್ಮ ಹೊಳಲೂರು ಕಡೆ ನಾಲ್ಕಾರು ಮನೇಲಿ ಈ ಮಾತು ಕೇಳಿದೀನಿ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆಯ್ತು, 2025ರಲ್ಲಿ ಸಿಗಂದೂರಿನ ಸೇತುವೆ ಆಯ್ತು. ಜೋಗಕ್ಕೆ, ಸಕ್ರೆಬೈಲಿಗೆ ಹೋಗೋರು, ತುಂಗೆ ಭದ್ರೆ ಸೇರೋ ಕೂಡ್ಲಿಗೆ ಬರೋರು ಯಾರಾದ್ರೂ ನಮ್ಮಲ್ಲೂ ಒಂದು ರಾತ್ರಿ ಉಳೀಬಹುದು ಅನ್ನೋ ಆಸೆ. ತಪ್ಪೇನಿಲ್ಲ, ಮಾಡಿ. ಆದ್ರೆ ಪಟ್ಟಿ ಬರೆಯೋಕೆ ಕೂತಾಗ ಮೊದಲು ಬರೋದು ಪಿಒಪಿ ಸೀಲಿಂಗು, ಬಣ್ಣದ ಲೈಟು, ಗೋಡೆಗೆ ಟಿವಿ. ಬರೆಯೋರು ಗಂಡಸರು. ಆಮೇಲೆ ಆ ಕೋಣೆ ಗುಡಿಸಿ, ಒರೆಸಿ, ಹಾಸಿಗೆ ಬಟ್ಟೆ ಒಗೆಯೋರು ನಾವು. ಅದಕ್ಕೇ ನಾನು ಹೇಳೋದು, ಆ ಪಟ್ಟಿ ಬಟ್ಟೆ ಒಣಗಿಸೋ ಹಗ್ಗದಿಂದ ಶುರುವಾಗ್ಲಿ.

ಲೆಕ್ಕ ಹಾಕಿ ನೋಡ್ರಿ. ಇಬ್ಬರು ಬಂದು ಒಂದು ರಾತ್ರಿ ಉಳಿದು ಹೋದ್ರೆ ಹಾಸು ಬಟ್ಟೆ, ಹೊದಿಕೆ, ಎರಡು ದಿಂಬಿನ ಚೀಲ, ಎರಡು ಟವೆಲ್, ಕಾಲೊರೆಸು. ಬೇಸಿಗೇಲಿ ಮಧ್ಯಾಹ್ನದೊಳಗೆ ಒಣಗ್ತವೆ. ನಮ್ಮದು ಅರೆಮಲೆನಾಡು ಅಂದ್ರೂ ಜುಲೈ ತಿಂಗಳಲ್ಲಿ ಜಡಿ ಮಳೆ ಹಿಡಿದ್ರೆ ಮೂರು ದಿನ ಆದ್ರೂ ಮುಗ್ಗಲು ವಾಸನೆ ಬಿಡಲ್ಲ. ಒಂದು ಹಾಸಿಗೇಲಿ, ಒಂದು ಒಗೆಯೋಕೆ, ಒಂದು ಬೀರುವಲ್ಲಿ, ಹೀಗೆ ಮೂರು ಜೊತೆ ಬೇಕೇ ಬೇಕು. ಮಳೆಗಾಲಕ್ಕೆ ನಾಲ್ಕು. ಹಿತ್ತಲಲ್ಲಿ ಒಂದು ತಗಡಿನ ಮಾಡು ಇಳಿಸಿ, ಎರಡು ಕಡೆ ಗಾಳಿ ಆಡೋ ಹಾಗೆ ಬಿಟ್ಟು ಹಗ್ಗ ಕಟ್ಟಿಸ್ಕೊಳ್ಳಿ. ಸೀಲಿಂಗಿನ ದುಡ್ಡು ಇಲ್ಲಿಗೆ ಬರಲಿ.

ಎರಡನೇದು ಗೋಡೆ. ಹಳೇ ಮಣ್ಣಿನ ಗೋಡೆ ಬುಡದಲ್ಲಿ ತೇವ ಹಿಡಿದಿರುತ್ತೆ. ಅದರ ಮೇಲೆ ಸಿಮೆಂಟ್ ಗಾರೆ ಮೆತ್ತಿ, ಪುಟ್ಟಿ ಹಾಕಿ, ಪ್ಲಾಸ್ಟಿಕ್ ಪೇಂಟ್ ಬಳಿದ್ರೆ ಒಳಗಿನ ನೀರಿಗೆ ಹೊರಗೆ ಬರೋ ದಾರಿ ಇರಲ್ಲ. ಒಂದೆರಡು ಮಳೆಗಾಲ ಕಳೆಯೋದ್ರೊಳಗೆ ಚಕ್ಕೆ ಏಳುತ್ತೆ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೇನ ಗೋಡೆಗೆ ನಾಲ್ಕೂ ಕಡೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಲಿ ಹನಿ ಕಂಡ್ರೆ ನೀರು ಗೋಡೆಯಿಂದ ಬರ್ತಿದೆ ಅಂತ. ಹೊರಮೈಲಿ ಕಂಡ್ರೆ ಕೋಣೆಗೆ ಗಾಳಿ ಸಾಲ್ದು. ಗೋಡೆಯಿಂದ ಅಂತಾದ್ರೆ ಮೊದಲು ಸೂರಿನ ನೀರು ಬುಡಕ್ಕೆ ಬೀಳದ ಹಾಗೆ ದೋಣಿ ಹಾಕ್ಸಿ, ಹೊರಗಿನ ಚರಂಡಿ ಬಿಡಿಸಿ, ಒಡೆದ ಹೆಂಚು ಬದಲಾಯಿಸಿ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ. ಸುಣ್ಣದ ಗೋಡೆ ತೇವಾನ ಹೊರಗೆ ಬಿಡುತ್ತೆ, ಕೈಗೂ ಅಗ್ಗ. ಕೆಂಪು ರೆಡ್ ಆಕ್ಸೈಡ್ ನೆಲ ಇದ್ರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕ್ಸಬೇಡಿ. ಬೆಂಗಳೂರಿನೋರು ಇಂಥ ನೆಲ ಬೇಕು ಅಂತ ಹುಡುಕ್ಕೊಂಡು ಬರ್ತಾರೆ.

ಮಂಚದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹತ್ತು ಅಡಿಗೆ ಹತ್ತು ಅಡಿ ಕೋಣೆ ಅಂದ್ರೆ ನೂರು ಚದರಡಿ. ಐದಕ್ಕೆ ಆರೂವರೆ ಅಡಿ ಕ್ವೀನ್ ಮಂಚ ಹಾಕಿದ್ರೆ ಮೂರರಲ್ಲಿ ಒಂದು ಪಾಲು ಅದಕ್ಕೇ ಹೋಯ್ತು. ಅದರ ಬದಲು ಮೂರಡಿ ಅಗಲದ ಎರಡು ಒಂಟಿ ಮಂಚ ಹಾಕಿ. ಗಂಡ ಹೆಂಡ್ತಿ ಬಂದ್ರೆ ಜೋಡಿಸಬಹುದು, ತಾಯಿ ಮಗ ಬಂದ್ರೆ ಬಿಡಿಸಬಹುದು. ನೆನೆದ ಡಬಲ್ ಹಾಸು ಹಿಂಡೋಕೆ ಎರಡು ಜನ ಬೇಕು, ಒಂಟಿ ಹಾಸು ಒಬ್ಬಳ ಕೈಲಿ ಆಗುತ್ತೆ. ಕೆಳಗೆ ಡಬ್ಬ ಇರೋ ಬಾಕ್ಸ್ ಮಂಚ ಬೇಡವೇ ಬೇಡ, ಅಡಿಯಲ್ಲಿ ಪೊರಕೆ ಆಡಲ್ಲ, ಒಳಗೆ ಬೂಸು ಹಿಡಿಯುತ್ತೆ. ಪಕ್ಕದಲ್ಲೇ ಭದ್ರಾವತಿ ಅನ್ನೋ ಕಬ್ಬಿಣದ ಊರು ಇಟ್ಕೊಂಡು ಆನ್‌ಲೈನಲ್ಲಿ ಮಂಚ ತರಿಸೋದು ಯಾಕೋ? ಅಟ್ಟದಲ್ಲಿರೋ ಹಳೇ ಕಬ್ಬಿಣದ ಮಂಚಾನೇ ವೆಲ್ಡಿಂಗ್ ಮಾಡ್ಸಿ, ಬಣ್ಣ ಹೊಡೆಸಿ. ದುಡ್ಡು ಹಾಸಿಗೆಗೆ ಹಾಕಿ. ಬೆನ್ನು ನೋಯಿಸಿಕೊಂಡೋರು ಮತ್ತೆ ಬರಲ್ಲ.

ಬಚ್ಚಲಿಗೆ ಹೊಳೆಯೋ ಟೈಲ್ಸ್ ಬೇಡ, ಒರಟು ಮೈದು ಇರ್ಲಿ. ಟೈಲ್ಸ್ ಕೂರಿಸಿದ ಮೇಲೆ ಗಾರೆಯೋರು ಇರುವಾಗ್ಲೇ ಒಂದು ಬಿಂದಿಗೆ ನೀರು ಸುರಿದು ನೋಡಿ. ಮೂಲೇಲಿ ನಿಂತ್ರೆ ಅವತ್ತೇ ಸರಿ ಮಾಡ್ಸಿ, ಇಲ್ಲದಿದ್ರೆ ದಿನಾ ಸೆಳೆಯೋರು ನೀವೇ. ಗೀಸರಿಗೆ ಅರ್ಥಿಂಗ್ ಸರಿ ಇದೆಯಾ ಅಂತ ತೋರಿಸ್ಕೊಳ್ಳಿ. ಗದ್ದೆ ಊರು, ಕಿಟಕಿಗೆ ಸೊಳ್ಳೆ ಜಾಲರಿ ಖಂಡಿತ. ಬಾಗಿಲ ಹಿಂದೆ ನಾಲ್ಕು ಗೂಟ, ಒದ್ದೆ ಛತ್ರಿಗೆ ಜಗಲೀಲಿ ಒಂದು ಮೊಳೆ.

ಚಂದ ಬೇಡ ಅಂತಲ್ಲ. ಸಾಗರ, ಸೊರಬ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೀತಾರೆ. ಅಂಥೋರಿಗೆ ಕೂಲಿ ಕೊಟ್ಟು ಒಂದು ಗೋಡೆ ಬರೆಸಿ. ಹೆಗ್ಗೋಡಿನ ಚರಕದ ಕೈಮಗ್ಗದ ಬಟ್ಟೇಲಿ ಪರದೆ ಹೊಲಿಸಿ. ದುಡ್ಡು ಇನ್ನೊಂದು ಹೆಣ್ಣಿನ ಕೈಗೆ ಹೋಗುತ್ತೆ.

ಕೊನೇದು, ಯಾರೂ ಕೇಳದೇ ಇರೋದು. ಬಂದ ಬಾಡಿಗೆ ಯಾರ ಖಾತೆಗೆ? ಪ್ರವಾಸೋದ್ಯಮ ಇಲಾಖೇಲಿ ಹೋಂಸ್ಟೇ ನೋಂದಣಿ ಮಾಡ್ಸೋವಾಗ, ಬಂದೋರ ಗುರುತಿನ ಚೀಟಿ ರಿಜಿಸ್ಟರಲ್ಲಿ ಬರೆಯೋವಾಗ, ವಿದೇಶದೋರು ಬಂದ್ರೆ 24 ಗಂಟೆ ಒಳಗೆ ಫಾರಂ ತುಂಬೋವಾಗ ಯಜಮಾನರ ಹೆಸರು ಮುಂದೆ ಬರುತ್ತೆ. "ಮನೆ ದುಡ್ಡು ತಾನೆ, ಯಾರ ಹತ್ರ ಇದ್ರೇನು" ಅಂತಾರೆ. ಯಾರ ಹತ್ರ ಇದ್ರೂ ಒಂದೇ ಆದ್ರೆ ನಮ್ಮ ಹತ್ರಾನೇ ಇರ್ಲಿ ಬಿಡಿ. ಅತ್ತಿಗೆ, ನಾದಿನಿ, ಸೊಸೆ, ಯಾರು ಆ ಕೋಣೆ ಕೆಲಸ ಮಾಡ್ತಾರೋ ಅವರ ಹೆಸರಲ್ಲಿ ಬ್ಯಾಂಕ್ ಖಾತೆ ಇರಬೇಕು, ಜಗಲೀಲಿ ಅಂಟಿಸೋ ಕ್ಯೂಆರ್ ಕೋಡ್ ಅವರದ್ದೇ ಆಗಿರಬೇಕು. ಇದಕ್ಕೆ ಮನೇಲಿ ಒಪ್ಪಿಗೆ ಸಿಗೋವರೆಗೂ ಗಾರೆ ಕೆಲಸದೋರಿಗೆ ಅಡ್ವಾನ್ಸ್ ಕೊಡೋಕೆ ಬಿಡಬೇಡಿ.