ಕೆರೆಯ ಊರು, ತಲೆಗಳ ಲೆಕ್ಕ

ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋದ ಶಾಲಾ ಮಕ್ಕಳು ಗುಲಾಬಿ ತೋಟ ನೋಡುತ್ತಾರೆ, ಹೆಬ್ಬೆ ಜಲಪಾತದಲ್ಲಿ ನೆನೆಯುತ್ತಾರೆ, 1434 ಮೀಟರ್ ಎತ್ತರದ ಮಂಜಿನಲ್ಲಿ ನಡುಗಿ ಹಿಂದಿರುಗುತ್ತಾರೆ. ಅದೇ ಬಾಬಾಬುಡನ್ ಗಿರಿಶ್ರೇಣಿಯ ಪೂರ್ವ ಮಗ್ಗುಲಿನಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ಈ ವಾರ ಆ ನೀರಿನ ಹಿಂದೆ ಹೋಗೋಣ.

ಗಿರಿಯ ಪಶ್ಚಿಮಕ್ಕೆ ಬಿದ್ದ ಮಳೆ ಭದ್ರೆಯ ಪಾಲು. ಪೂರ್ವಕ್ಕೆ ಇಳಿದರೆ ಕೆಲವೇ ಮೈಲಿಗಳಲ್ಲಿ ಕಾಫಿ ತೋಟ ಮುಗಿದು ಕಡೂರಿನ ಬಯಲು ಶುರು. ಮಳೆಮೋಡಗಳನ್ನು ಬೆಟ್ಟವೇ ತಡೆದುಬಿಡುವುದರಿಂದ ಇಲ್ಲಿ ಮಳೆ ಕಡಿಮೆ. ಆದ್ದರಿಂದಲೇ ಹಿಂದಿನವರು ಬೆಟ್ಟದ ಬುಡದಲ್ಲಿಯೇ ಹಳ್ಳಗಳಿಗೆ ಏರಿ ಹಾಕಿ ನೀರು ನಿಲ್ಲಿಸಿದರು. ಗೌರಿಹಳ್ಳಕ್ಕೆ ಕಟ್ಟಿದ್ದು ಅಯ್ಯನಕೆರೆ. ಅಲ್ಲಿಂದ ಮುಂದೆ ಹರಿಯುವ ನೀರಿಗೆ ವೇದಾ ಎಂದು ಹೆಸರು. ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆಯದು ಆವತಿಯ ನೀರು. ಜನಪದ ಹಾಡಿನ ಕೆಂಚಮ್ಮನ ಕೆರೆ ಇದೇ. ವೇದಾ, ಆವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. 1933ರಲ್ಲಿ ಕೋಡಿ ಬಿದ್ದ ಆ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮೇಲಿನ ಕೆರೆಗಳನ್ನು ನಂಬಿದ ಊರುಗಳ ಪಾಡೇನು ಎಂಬುದನ್ನು ಇದರಿಂದಲೇ ಊಹಿಸಿಕೊಳ್ಳಬಹುದು.

ಅಯ್ಯನಕೆರೆಯ ಊರು ಸಖರಾಯಪಟ್ಟಣ. ಶಕುನಗಿರಿಯ ನೆರಳಿನ ಈ ಕೆರೆಯನ್ನು ಕಟ್ಟಿಸಿದವನು ಇಲ್ಲಿ ಆಳಿದ ರುಕ್ಮಾಂಗದರಾಯನೆಂದು ಐತಿಹ್ಯ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ರಾಜಧಾನಿಯಾಗಿದ್ದ ಊರು, ಹೆಸರಿನಲ್ಲೇ ಪಟ್ಟಣ. ಇಂದು ಅದು ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪಟ್ಟಣದ ಪಟ್ಟ ಬಂದದ್ದು ಕಡೂರಿಗೆ, ಬೀರೂರಿಗೆ, ತರೀಕೆರೆಗೆ. ಅದರಲ್ಲಿ ರೈಲಿನ ಪಾತ್ರ ದೊಡ್ಡದು ಎಂದು ನನ್ನ ಎಣಿಕೆ. ಬೆಂಗಳೂರು-ಪುಣೆ ದಾರಿ 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾಯ್ದು ಹೋಯಿತು. ಬೀರೂರಿನಿಂದ ಕವಲೊಡೆದ ಶಿವಮೊಗ್ಗದ ದಾರಿ ತರೀಕೆರೆಯನ್ನು ಮುಟ್ಟಿತು. ಸಖರಾಯಪಟ್ಟಣಕ್ಕೆ ಹಳಿ ಬಂದದ್ದು ಕಡೂರು-ಚಿಕ್ಕಮಗಳೂರು ಮಾರ್ಗದೊಂದಿಗೆ, 2013ರಲ್ಲಿ!

ಹಾಗಾದರೆ ಪಟ್ಟಣ ಎಂದರೇನು? ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ ನೋಡಿ. ಬಸ್ ನಿಲ್ದಾಣ, ಸಿನಿಮಾ ಟಾಕೀಸು, ಕಾಲೇಜು ಎನ್ನುತ್ತಾರೆ. ಜನಗಣತಿಯವರ ಉತ್ತರ ಬೇರೆ. ಪುರಸಭೆ, ಪಟ್ಟಣ ಪಂಚಾಯಿತಿ ಇದ್ದರೆ ಅದು ಪಟ್ಟಣವೇ. ಇಲ್ಲದಿದ್ದರೆ ಮೂರು ಷರತ್ತುಗಳು: ಕನಿಷ್ಠ 5,000 ಜನ ಇರಬೇಕು, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರಾದರೂ ವಾಸಿಸಬೇಕು, ದುಡಿಯುವ ಗಂಡಸರಲ್ಲಿ ಶೇಕಡಾ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಮೂರೂ ಕೂಡಬೇಕು, ಒಂದು ತಪ್ಪಿದರೂ ಆಗದು. ಕೆರೆಯ ಊರುಗಳು ಎಡವುವುದು ಮೂರನೆಯದರಲ್ಲಿ. ಕೆರೆ ತುಂಬಿ, ತೂಬಿನಲ್ಲಿ ನೀರು ಬಿಟ್ಟು, ಅಚ್ಚುಕಟ್ಟಿನಲ್ಲಿ ಗದ್ದೆ, ತೋಟ ಹಸಿರಾಗಿರುವವರೆಗೂ ಗಂಡಸರು ಬೇಸಾಯದಲ್ಲೇ ಇರುತ್ತಾರೆ, ಊರು ಲೆಕ್ಕದಲ್ಲಿ ಹಳ್ಳಿಯಾಗಿಯೇ ಉಳಿಯುತ್ತದೆ. ಹೆಂಗಸರ ದುಡಿಮೆಯನ್ನು ಈ ಷರತ್ತಿನಲ್ಲಿ ಎಣಿಸುವುದಿಲ್ಲ. ನಾಟಿ, ಕಳೆ, ಕೊಯ್ಲು ನೋಡಿದವರಿಗೆ ಇದು ವಿಚಿತ್ರವೆನಿಸದೆ ಇರದು.

ಇನ್ನೊಂದು ಸಂಗತಿ ಪೋಷಕರ ಗಮನಕ್ಕೆ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905, 2011ರಲ್ಲಿ 11,37,961. ಇಡೀ ರಾಜ್ಯ ಸುಮಾರು ಶೇಕಡಾ 15.6ರಷ್ಟು ಬೆಳೆದ ಆ ಹತ್ತು ವರ್ಷಗಳಲ್ಲಿ ಈ ಜಿಲ್ಲೆ 2,944 ಮಂದಿಯನ್ನು ಕಳೆದುಕೊಂಡಿತು. ಮಕ್ಕಳು ಕಡಿಮೆ ಹುಟ್ಟುತ್ತಿರುವುದು ಒಂದು ಕಾರಣ. ಓದಿಗೆ, ಕೆಲಸಕ್ಕೆ ಹೋದವರು ಬೆಂಗಳೂರಿನಲ್ಲೇ ಉಳಿಯುವುದು ಇನ್ನೊಂದು. ಬೀರೂರಿನಲ್ಲಿ ರಾತ್ರಿ ರೈಲು ಹತ್ತುವ ಹುಡುಗರ ಚೀಲಗಳನ್ನು ನೋಡಿದರೆ ಯಾರು ಹಬ್ಬಕ್ಕೆ ಬಂದು ಹೊರಟವರು, ಯಾರು ಊರು ಬಿಟ್ಟು ಹೊರಟವರು ಎಂದು ಗೊತ್ತಾಗುತ್ತದೆ.

ಮುಂದಿನ ಗಣತಿಯ ನಿಗದಿತ ದಿನ 2027ರ ಮಾರ್ಚ್ 1. ಹಾಸ್ಟೆಲಿನಲ್ಲಿ ಓದುವ ಮಗನ ಹೆಸರನ್ನು ಊರಿನ ಮನೆಯಲ್ಲಿ ಬರೆಸಬೇಕೇ ಎಂದು ಅನೇಕ ತಾಯಂದಿರು ಕೇಳುವುದುಂಟು. ಬೇಡ, ಅವನ ಎಣಿಕೆ ಹಾಸ್ಟೆಲಿನಲ್ಲೇ. ಎರಡು ಕಡೆ ಬರೆಸಿದರೆ ಒಬ್ಬನೇ ಇಬ್ಬರಾಗುತ್ತಾನೆ.

ಅಂಕಿಗಳು ಬಂದ ಮೇಲೆ ಹೋಲಿಸಿ ನೋಡುವ ವಿದ್ಯಾರ್ಥಿಗಳಿಗೊಂದು ಎಚ್ಚರಿಕೆ. 2011ರ ಪಟ್ಟಿಯಲ್ಲಿ ಅಜ್ಜಂಪುರ ಪ್ರತ್ಯೇಕ ತಾಲ್ಲೂಕಲ್ಲ, ತರೀಕೆರೆಯೊಳಗೇ ಇದೆ. ಇದನ್ನು ಮರೆತು ಹೊಸ ಅಂಕಿಯನ್ನು ಹಳೆಯದರ ಪಕ್ಕ ಇಟ್ಟರೆ ತರೀಕೆರೆಯ ಅರ್ಧ ಜನ ಊರು ಬಿಟ್ಟಂತೆ ಕಂಡೀತು! ಅಷ್ಟರೊಳಗೆ ನಿಮ್ಮೂರ ಕೆರೆಯ ಒಂದು ನಕ್ಷೆ ಬರೆಯಿರಿ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಗುರುತಿಸಿ, ಹಳೆಯ ಮನೆಗಳು ಎಲ್ಲಿವೆ, ಹೊಸ ಬಡಾವಣೆ ಯಾವ ದಿಕ್ಕಿಗೆ ಹೊರಟಿದೆ ಎಂದು ಬಣ್ಣ ಹಚ್ಚಿ. ಗೊತ್ತಾಗದಿದ್ದರೆ ನೀರುಗಂಟಿಯನ್ನು ಕೇಳಿ. ಆ ಕೆಲಸದವರು ಈಗ ಇಲ್ಲವೆಂದಾದರೆ, ಅದನ್ನೂ ನಕ್ಷೆಯ ಕೆಳಗೆ ಬರೆದಿಡಿ.